ಶ್ರುತಿ ಏರಿಸಿದವರು ಯಾರು

ಪತ್ತೇದಾರಿ ಕಾದಂಬರಿ ಓದುವವರಿಗೆ ಕೊನೆಗೆ ಕಳ್ಳ ಸಿಕ್ಕರೆ ಸಮಾಧಾನ. ನನಗೆ ಮೊನ್ನೆ ಕುಂದಗೋಳ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಸಮಾಧಾನವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಮುಂಜಾನೆಯಿಂದ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಒದರಿಸಿ ಸಾಕಾಗಿತ್ತು.

ಕಾಲೇಜಿನ ನಾಟಕ ತಂಡದಲ್ಲಿ ನನ್ನ ಓರಗೆಯವಳೊಬ್ಬಳಿದ್ದಳು; ನಾನು, ಅವಳು ಹಾವು ಮುಂಗುಸಿ. ರಾಣಿಯ ಪಾತ್ರಕ್ಕಾಗಿ ಎಲ್ಲರೆದುರೇ ಜಗಳಾಡಿದ್ದೆವು. ಪಾತ್ರ ಅವಳಿಗೆ ಹೋಯಿತು, ನನಗೆ ಸಖಿಯದು ಬಂತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ? ರಾಣಿಯ ಹಾಡನ್ನು ಅವಳು ಹಾರ್ಮೋನಿಯಂನ ಕರಿ ಮೂರರ, ಅಂದರೆ ಮೂರನೆಯ ಕರಿ ಮನೆಯ, ಶ್ರುತಿಗೆ ಹಾಡುತ್ತಿದ್ದಳು. ಅದನ್ನೇ ನಾನು ಹಾಸ್ಟೆಲ್ಲಿನ ನಲ್ಲಿಯ ಹತ್ತಿರ ನಿಂತು, ಅವಳ ಕಿವಿಗೆ ಬೀಳಲಿ ಎಂದೇ, ಇನ್ನೂ ಮೇಲಿನ ಕರಿ ಐದರಲ್ಲಿ ಹಾಡುತ್ತಿದ್ದೆ.

ಸ್ಪರ್ಧೆಯ ದಿನ ಹಾರ್ಮೋನಿಯಂ ನುಡಿಸುವ ಮುದುಕರು, ನಮ್ಮ ಪೇಟಿ ಮಾಸ್ತರರು, ಮೂರು ಬಿಟ್ಟು ಐದಕ್ಕೆ ಹಿಡಿದರು. ಮೇಲಿನ ಸ್ವರಕ್ಕೆ ಹೋದೊಡನೆ ಅವಳ ದನಿ ಒಡೆಯಿತು. ಹಿಂದೆ ಕೂತವರು ಸೀಟಿ ಹೊಡೆದರು. ಇನ್ನು ಬಹುಮಾನ ಎಲ್ಲಿಂದ ಬರಬೇಕು!

ಪರದೆ ಬಿದ್ದ ಮೇಲೆ ನಾಟಕದ ಸರ್ ಮಾಸ್ತರರ ಮೇಲೆ ಹರಿಹಾಯ್ದರು.

"ನನ್ನ ಮ್ಯಾಲ್ಯಾಕ ಬರ್ತೀರಿ? ಯಾರೋ ಹುಡುಗಿ ಬಂದು, ಇವತ್ತ ಐದಕ್ಕ ಹಿಡೀರಿ ಕಾಕಾ ಅಂದ್ಳು, ಹಿಡದೆ," ಎಂದರು ಮಾಸ್ತರರು.

"ಯಾವ ಹುಡುಗಿರಿ?"

"ಬಣ್ಣಾ ಹಚಗೊಂಡ ಮ್ಯಾಲ ನನ್ನ ಕಣ್ಣಿಗೆ ಎಲ್ಲಾರೂ ಒಂದ ಥರಾ ಕಾಣ್ತಾರ್ರಿ."

ಎಲ್ಲರೂ ನನ್ನ ಮುಖ ನೋಡಿದರು. ನಾನಲ್ರೀ, ನಾನಲ್ಲ ಎಂದು ಬಡಿದುಕೊಂಡೆ. ಅವಳು ಅಳುತ್ತಿದ್ದಳು, ಕನಿಕರವೆಲ್ಲ ಅವಳ ಕಡೆಗೇ. "ನಾಳಿಂದ ತಾಲೀಮಿಗೆ ಬರಬ್ಯಾಡ ನೀ," ಎಂದರು ಸರ್. ನಾಟಕ ಬಿಟ್ಟರೆ ಬೇರೇನೂ ಬೇಡ ಎಂದುಕೊಂಡಿದ್ದವಳು ನಾನು. ಆಮೇಲೆ ಯಾವ ತಂಡವೂ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಟೀಚರ್ ಆದೆ.

ಮೊನ್ನೆ ಅವಳೇ ಗುರುತು ಹಿಡಿದು ಬಂದು ಪಕ್ಕದಲ್ಲಿ ಕುಳಿತಳು. ಈಗ ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾಳಂತೆ. ಬಸ್ಸು ಬರುವ ಲಕ್ಷಣ ಇರಲಿಲ್ಲ. ಅದೂ ಇದೂ ಮಾತಾಡುತ್ತಿದ್ದವಳು ಒಮ್ಮೆಲೇ, "ಅವತ್ತ ಮಾಸ್ತರಗ ಹೇಳಿದಾಕಿ ನಾನ," ಎಂದಳು.

ನಾನು ತಿರುಗಿ ನೋಡಿದೆ.

"ನೀ ಐದರಾಗ ಹಾಡೂದು ಕೇಳಿ ಕೇಳಿ ತಲಿ ಕೆಟ್ಟಿತ್ತು. ನನ್ನ ಕೈಲೂ ಆಗ್ತದ ಅಂತ ತೋರಸಬೇಕನಿಸ್ತು."

"ಮತ್ತ ಅಲ್ಲೇ ಯಾಕ ಬಾಯಿ ಬಿಡಲಿಲ್ಲಬೇ?"

"ಬಿಡಬೇಕಂದೆ. ಅಷ್ಟರಾಗ ಎಲ್ಲಾರೂ ನಿನ್ನ ಕಡೆ ತಿರುಗಿಬಿಟ್ರು. ನನಗ ಅನುಕೂಲ ಆತು."

ಎಷ್ಟು ಸಲೀಸಾಗಿ ಹೇಳಿದಳು, ಮಹಾರಾಯ್ತಿ! ಈ ಮಾತಿಗಾಗಿ ವರ್ಷಗಟ್ಟಲೆ ಹಂಬಲಿಸಿದ್ದೆ. ಈಗ ಅವಳ ಕಪಾಳಕ್ಕೆ ಬಿಗಿಯುವಷ್ಟು ಕಸುವೂ ಕೈಯಲ್ಲಿರಲಿಲ್ಲ. ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

"ಇನ್ನೂ ಹಾಡ್ತೀಯೋ ಇಲ್ಲೋ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ. ಬಾಯಿ ತೆರದ್ರ ಎಲ್ಲಾರೂ ನನ್ನ ಮುಖಾ ನೋಡಿದಂಗ ಆಗ್ತದ."