ಎರಡು ಕಾರ್ಡು, ಎರಡು ಮಗ್ಗ

ಮನೆಯ ಕಂಪ್ಯೂಟರಿನಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡಿನ ಪಕ್ಕ ಹಳೆಯದನ್ನೂ ಸಿಕ್ಕಿಸಿದೆ. ಒಂದರ ಫ್ಯಾನು ಗುನುಗಿದರೆ ಇನ್ನೊಂದರದು ಗೊಣಗುತ್ತದೆ. ಆ ಸದ್ದಿನಲ್ಲಿ ವಡಗಾವಿಯ ನಮ್ಮ ಮನೆ ಕೇಳಿಸಿತು. ಅಲ್ಲಿ ಎರಡು ಕೈಮಗ್ಗ: ಅಪ್ಪನದರ ಸದ್ದು ಓಡುತ್ತಿತ್ತು, ಕಾಕಾನದರದು ಕುಂಟುತ್ತಿತ್ತು.

ಖಾನಾಪುರಕ್ಕೆ ಹೋದ ಕಾಕಾ ಎದೆನೋವಿನಿಂದ ತೀರಿಕೊಂಡ. ಅಪ್ಪ ಅಲ್ಲೇ ಮಣ್ಣು ಮಾಡಿ ಬಂದು, ಕಣ್ಣು ಕಾಣದ ಅಜ್ಜಿಗೆ, "ತಮ್ಮ ಬಂದಾನವ್ವಾ, ಗಂಟ್ಲ ಕಟ್ಟೈತಿ," ಎಂದ. ಕಾಕಾ ಮೊದಲೇ ಮಾತಿನ ಜಿಪುಣ, ಅಜ್ಜಿ ನಂಬಿದಳು. ಅಪ್ಪ ಮುಂಜಾನೆ ತನ್ನ ಮಗ್ಗದಲ್ಲಿ ನೇಯ್ದು, ಮಧ್ಯಾಹ್ನ ಕಾಕಾನ ಮಗ್ಗಕ್ಕೆ ಕುಳಿತು ಅವನಂತೆಯೇ ಕುಂಟುತ್ತ ಬಡಿಯುತ್ತಿದ್ದ.

ನಾಲ್ಕನೆಯ ದಿನ ಅಜ್ಜಿ ಕೇಳಿದಳು: "ಅಂವಾ ನೇಯಾಕ ಕುಂತಾಗ ನೀ ಎಲ್ಲಿ ಹೋಗತೀಯೋ?"

ಅಪ್ಪ ತನ್ನ ಮಗ್ಗ ಬಡಿಯುತ್ತಲೇ ಇದ್ದ.

"ಎರಡೂ ಒಮ್ಮಿ ಕೂಡಿ ಬಡೀಲಿ. ಕೇಳಿ ಸುಮ್ಮನಾಗತೇನಿ," ಎಂದಳು ಅಜ್ಜಿ.

ಮಗ್ಗ ನಿಂತಿತು.

ಕಂಪ್ಯೂಟರಿನಲ್ಲಿ ಎರಡೂ ಕೂಡಿಯೇ ತಿರುಗುತ್ತಿವೆ. ಹಳೆಯದು ಕೆಲಸಕ್ಕೆ ಬಾರದು. ತೆಗೆಯಲು ಕೈ ಬಾರದು.