ಹತ್ತು ಗಂಟೆಯೊಳಗೆ ಒಣಗಬೇಕಾದ ಬಟ್ಟೆ

ಮನಗೂಳಿಯಲ್ಲಿ ಇನ್ನೂ ನಸುಕು ಹರಿದಿಲ್ಲ. ಇಂದುಬಾಯಿ ಆಗಲೇ ಹಿತ್ತಲ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದಾರೆ. ಎರಡು ಫ್ರಾಕು, ಶಾಲೆಯ ನೀಲಿ ಲಂಗ, ಬಿಳಿ ಅಂಗಿ, ಒಂದು ಸಣ್ಣ ಸ್ವೆಟರು. ದೊಡ್ಡವರ ಬಟ್ಟೆ ಮಧ್ಯಾಹ್ನದ ತನಕ ನೆನೆದರೂ ಈ ಮನೆಯಲ್ಲಿ ಕೇಳುವವರಿಲ್ಲ. ಮಗುವಿನ ಬಟ್ಟೆ ಮಾತ್ರ ಹತ್ತು ಗಂಟೆಯೊಳಗೆ ಒಣಗಿ, ಮಡಿಕೆಯಾಗಿ, ಬಾಗಿಲ ಹಿಂದಿನ ಚೀಲ ಸೇರಬೇಕು. ಸರ್ಕಾರಿ ಕಚೇರಿ ತೆರೆಯುವುದು ಹತ್ತಕ್ಕೆ. ಫೋನು ಬರುವುದೂ ಆಮೇಲೆಯೇ.

"ಯಾವಾಗ ಕರೀತಾರೋ ಗೊತ್ತಿಲ್ಲಲ್ರಿ. ಕರದ್ರ ಕೊಡಬೇಕು. ಅದಕ ಚೀಲ ತಯಾರ ಇಟ್ಟಿರ್ತೇನಿ" ಎನ್ನುತ್ತಾ ಲಂಗ ಹಿಂಡುತ್ತಾರೆ.

ಐವತ್ಮೂರರ ಇಂದುಬಾಯಿ ಮತ್ತು ಅವರ ಗಂಡ, ಹಿಟ್ಟಿನ ಗಿರಣಿಯ ಶ್ರೀಶೈಲಪ್ಪ, ಸರ್ಕಾರದ ಲೆಕ್ಕದಲ್ಲಿ 'ಪೋಷಕ ಕುಟುಂಬ'. ಹೆತ್ತವರು ಸಾಕಲಾಗದ ಮಕ್ಕಳನ್ನು ಅನಾಥಾಲಯಕ್ಕೆ ಹಾಕುವ ಬದಲು ಒಂದು ಮನೆಯಲ್ಲಿ ಬೆಳೆಸುವ ಏರ್ಪಾಡು ಇದು. ಮಗಳು ಸಿಂದಗಿಗೆ ಲಗ್ನವಾಗಿ ಹೋದ ಮೇಲೆ, ಒಂಬತ್ತು ವರ್ಷಗಳಲ್ಲಿ ಈ ಮನೆಗೆ ಹನ್ನೊಂದು ಮಕ್ಕಳು ಬಂದಿವೆ, ಹತ್ತು ಹೋಗಿವೆ. ತಾಯಿ ಆಸ್ಪತ್ರೆ ಸೇರಿದ್ದಾಗ ಚೇತನಕುಮಾರ ಇದ್ದದ್ದು ಒಂಬತ್ತೇ ದಿನ. ನಜಮಾ, ಯುನೂಸ ಎಂಬ ಅಕ್ಕ ತಮ್ಮ ಎಂಟು ತಿಂಗಳಿದ್ದು, ತಾಳಿಕೋಟೆಯ ಸ್ವಂತ ಚಿಕ್ಕಮ್ಮನ ಮನೆಗೆ ಹೋದರು. ಅಂಥ ನೆಂಟರು ಸಿಕ್ಕರೆ ಪುಣ್ಯ. ಸಿಗದಿದ್ದರೆ ವರ್ಷಗಟ್ಟಲೆ ಇಲ್ಲೇ.

"ದತ್ತಕ ತಗೊಂಡವರಿಗೆ ಕೂಸು ಅವರದ ಆಕ್ಕೈತಿ. ನಮ್ಮದು ಹಂಗಲ್ರಿ. ನಮ್ಮನ್ಯಾಗ ಉಣ್ತಾವ, ಬೆಳೀತಾವ. ನಮ್ಮ ಹೆಸರು ಮಾತ್ರ ಎಲ್ಲೂ ಬರಂಗಿಲ್ಲ."

ಹೆಸರಷ್ಟೇ ಅಲ್ಲ, ಕರೆಯುವ ಮಾತೂ ಇಲ್ಲ. ಮೊದಲ ಮಗು 'ಅವ್ವಾ' ಎಂದಾಗ ಇಂದುಬಾಯಿ ಹಿಗ್ಗಿ ಹೀರೇಕಾಯಿಯಾಗಿದ್ದರು. ಆ ಮಗು ಹೆತ್ತವಳ ಹತ್ತಿರ ಹೋದ ಮೇಲೆ ಅವಳನ್ನು ಅವ್ವ ಎನ್ನಲು ಒಪ್ಪದೆ ವಾರಗಟ್ಟಲೆ ಅತ್ತಿತಂತೆ. ಅಂದಿನಿಂದ ಬಂದ ಮಕ್ಕಳಿಗೆಲ್ಲ ಅವರು ಮೊದಲ ದಿನವೇ ಕಲಿಸುವುದು 'ಆಯಿ'. ಅಜ್ಜಿಯನ್ನು ಕರೆಯುವ ಹಾಗೆ. ಅವ್ವನ ಜಾಗ ಖಾಲಿ ಇರಲಿ ಎಂದು.

ಊರ ಬಾಯಿಗೆ ಬೀಗ ಹಾಕುವವರು ಯಾರು? ಸರ್ಕಾರದ ಕೂಳಿಗಾಗಿ ಕಂಡವರ ಮಕ್ಕಳನ್ನು ಸಾಕುತ್ತಾಳೆ ಎಂಬ ಮಾತು ಅವರ ಕಿವಿಗೆ ಹೊಸದಲ್ಲ. ಆದರೆ ರಾಜಶ್ರೀಯ ವಿಷಯ ಬಂದಾಗ ಮಾತ್ರ ಅವರ ಧ್ವನಿ ಬದಲಾಗುತ್ತದೆ.

ಮೂರು ವರ್ಷದ ಹಿಂದಿನ ಮಾತು. ಐದು ವರ್ಷದ ರಾಜಶ್ರೀ ಈ ಮನೆಗೆ ಬಂದು ಒಂದೂವರೆ ವರ್ಷವಾಗಿತ್ತು. ಒಂದು ದಿನ ಹತ್ತೂ ಇಪ್ಪತ್ತಕ್ಕೆ ಫೋನು ಬಂತು, ಹನ್ನೊಂದೂವರೆಗೆ ಜೀಪು ಬಂತು. ಮುದ್ದೇಬಿಹಾಳದ ಕಡೆಯ ಸೋದರಮಾವ ಮಗುವನ್ನು ಒಯ್ಯಲು ಒಪ್ಪಿದ್ದ. ಬಟ್ಟೆಯೆಲ್ಲ ಹಗ್ಗದ ಮೇಲೆ ನೀರಿಳಿಸುತ್ತಿತ್ತು. ಒಂದು ತಾಸು ತಡೆಯಿರಿ ಎಂದರೆ ಬಂದವರಿಗೆ ಪುರುಸೊತ್ತಿಲ್ಲ. ಇಂದುಬಾಯಿ ಹಸಿ ಬಟ್ಟೆಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ ಕೊಟ್ಟರು. ವಾರದ ನಂತರ ಆ ಮನೆಯಿಂದ ಮಾತು ಬಂತು.

"'ನಾತ ಹೊಡಿಯೋ ಅರಿವಿ ಕಟ್ಟಿ ಕಳಿಸ್ಯಾಳ, ಎಂಥಾ ಹೆಂಗಸು ಸಾಕಿದ್ಲೋ' ಅಂದ್ರಂತ್ರಿ. ಒಂದೂವರಿ ವರ್ಷ ಎಣ್ಣಿ ಹಚ್ಚಿ ಎರದೇನಿ, ರೊಟ್ಟಿ ಮುರದು ಬಾಯಿಗಿ ಇಟ್ಟೇನಿ. ಕಡೀಕ ಉಳಿದಿದ್ದು ಅದೊಂದ ಮಾತು."

ಅಂದಿನಿಂದಲೇ ಈ ನಸುಕಿನ ಒಗೆತ. ಮಳೆಗಾಲದಲ್ಲಿ ರೊಟ್ಟಿ ಬೇಯಿಸಿದ ಒಲೆಯ ಮುಂದೆ ಹಿಡಿದು ಒಣಗಿಸುತ್ತಾರೆ. ಹೇಗಾದರೂ ಸರಿ, ಹತ್ತರೊಳಗೆ.

ಈಗ ಮನೆಯಲ್ಲಿರುವುದು ಒಂದೇ ಮಗು, ಆರು ವರ್ಷದ ಭುವನೇಶ್ವರಿ. ತಾಯಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದಾಗ ಅವಳಿಗೆ ಎರಡು ವರ್ಷ. ಎರಡಾದರೂ ಗೋಡೆ ಹಿಡಿದೇ ನಡೆಯುತ್ತಿದ್ದವಳು ಈಗ ಒಂದನೆಯ ತರಗತಿ. ಇಂಡಿ ತಾಲ್ಲೂಕಿನ ಕಡೆಯ ತಂದೆ ನಾಲ್ಕು ವರ್ಷದಲ್ಲಿ ಎರಡು ಸಲ ಬಂದು ನೋಡಿದ್ದಾನೆ. ಎರಡೂ ಸಲ ಅವಳು ಹಿಟ್ಟು ಮೆತ್ತಿದ ಶ್ರೀಶೈಲಪ್ಪನವರ ಧೋತರದ ಹಿಂದೆ ಅಡಗಿದ್ದಳು. ಈಗ ಅವನು ಇನ್ನೊಂದು ಮದುವೆಯಾಗಿ, ಮಗಳನ್ನು ಕೊಡಿ ಎಂದು ಅರ್ಜಿ ಹಾಕಿದ್ದಾನೆ. ವಿಚಾರಣೆಗೆ ಹೋದ ಇಂದುಬಾಯಿಗೆ ಕೂರಲು ಸಿಕ್ಕಿದ್ದು ಹೊರಗಿನ ಬೆಂಚು. ಒಳಗೆ ಕರೆದು ಯಾರೂ ಏನೂ ಕೇಳಲಿಲ್ಲ. ಹೊರಡುವಾಗ ಅಧಿಕಾರಿಯೊಬ್ಬರು, ಮಗುವನ್ನು ಒಯ್ಯುವುದಾದರೆ ಒಂದು ವಾರ ಮೊದಲೇ ತಿಳಿಸುತ್ತೇವೆ ಎಂದರು. ರಾಜಶ್ರೀಯ ಸಲವೂ ಹಾಗೆಯೇ ಅಂದಿದ್ದರು.

"ತಂದಿ ಕೇಳಿದ್ರ ಕೊಡಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಅವನ ರಕ್ತ ಅದು. ಆದ್ರ ಈ ಕೂಸು ರಾತ್ರಿ ಯಾಕ ಚೀರತೈತಿ, ಏನ ಹೇಳಿದ್ರ ಸುಮ್ಮನಾಕ್ಕೈತಿ, ಅದನ್ನರೆ ಯಾರರ ಕೇಳಬೇಕಿಲ್ಲೇನ್ರಿ?"

ಬೆಳಗಾಗಿದೆ. ಎಂಟರ ಬಿಸಿಲಿಗೆ ಒಣಗಿದ್ದ ಕೆಂಪು ಫ್ರಾಕನ್ನು ಮಡಿಚಲೆಂದು ಒಂಬತ್ತಕ್ಕೆ ಹಿತ್ತಲಿಗೆ ಬಂದ ಇಂದುಬಾಯಿ ಹಾಗೇ ನಿಲ್ಲುತ್ತಾರೆ. ಫ್ರಾಕಿನಿಂದ ನೀರು ತೊಟ್ಟಿಕ್ಕುತ್ತಿದೆ. ಕೆಳಗೆ ಖಾಲಿ ತಂಬಿಗೆ. ಭುವನೇಶ್ವರಿ ಬಾಗಿಲ ಮರೆಯಲ್ಲಿ ನಿಂತಿದ್ದಾಳೆ, ಅವಳ ತೋಳೂ ಒದ್ದೆ.

"ಹಸಿ ಐತಿ ಆಯಿ. ಇವತ್ತ ಹೋಗಾಕ ಬರಂಗಿಲ್ಲ."

ಈ ವಾರದಲ್ಲಿ ಇದು ಮೂರನೆಯ ಸಲವಂತೆ. ಆಯಿ ಬೈಯುವುದಿಲ್ಲ. ತೋಳು ಒರೆಸಿ, ಒಲೆಯ ಮೇಲೆ ಹಾಲಿದೆ, ಕುಡಿ ಹೋಗು ಎಂದು ಒಳಗೆ ಕಳಿಸುತ್ತಾರೆ. ಫ್ರಾಕನ್ನು ಮತ್ತೆ ಹಿಂಡಿ ಬಿಸಿಲಿನ ಬದಿಗೆ ಹರವುತ್ತಾರೆ. ಒಳಗಿನ ಚೀಲದಲ್ಲಿ ಕುಬಸ ಹೊಲಿಸುವ ಒಂದು ಖಣವೂ ಅರಿಶಿನದ ಕೊಂಬೂ ಇವೆ. ತವರಿನಿಂದ ಹೊರಡುವ ಹೆಣ್ಣುಮಗಳಿಗೆ ತುಂಬುವ ಉಡಿ ಅದು, ಸಮಯ ಕೊಟ್ಟರೆ ತುಂಬಿಯೇ ಕಳಿಸಬೇಕೆಂದು ಅವರ ಆಸೆ.

"ಇಟ್ಕೋತೇನಿ ಅನ್ನಂಗಿಲ್ರಿ. ಹಿಂದಿನ ದಿನ ಒಂದು ಫೋನು ಮಾಡ್ರಿ, ಅಷ್ಟ" ಎನ್ನುತ್ತಾರೆ. ಒಳಗಿನಿಂದ ಲೋಟದ ಸದ್ದು ಕೇಳುತ್ತದೆ. ಅವರ ಧ್ವನಿ ತಗ್ಗುತ್ತದೆ.

"ಹಸಿ ಇದ್ರೂ ಒಯ್ತಾರ ಅಂತ ಆ ಕೂಸಿಗಿ ಹೆಂಗ ಹೇಳ್ಲಿ?"