ಹತ್ತು ಪೌಂಡಿನ ಕರಾರು

ಗಣೇಶನ ಹಬ್ಬದ ಊಟ ಮುಗಿದು ಗಂಡಸರು ಮುಂದಿನ ಕೋಣೆಯಲ್ಲಿ ಕ್ರಿಕೆಟ್ ನೋಡುತ್ತ ಕೂತಿದ್ದರು. ಒಳಗೆ ಮನೆಯೊಡತಿ ಡಿಸೆಂಬರಿನ ಮಾತು ತೆಗೆದರು. ಅವರು ಮೈಸೂರಿನವರು, ಗಂಡ ಆಸ್ಪತ್ರೆಯಲ್ಲಿ ಡಾಕ್ಟರು. ಲಂಡನ್ನಿನ ರೇನರ್ಸ್ ಲೇನಿನ ಆಸುಪಾಸಿನ ನಾವು ನಾಲ್ಕು ಕನ್ನಡದ ಮನೆಯವರು ಪ್ರತಿವರ್ಷ ಕ್ರಿಸ್ಮಸ್ಸಿನ ಮರುದಿನ ಅವರಲ್ಲೇ ಸೇರಿ ಮಕ್ಕಳಿಗೆ ಉಡುಗೊರೆ ಕೊಡುವುದು ರೂಢಿ. ರಜೆ ಮುಗಿಸಿ ಹೋದ ಮಕ್ಕಳನ್ನು ಶಾಲೆಯಲ್ಲಿ ಎಲ್ಲರೂ ಕೇಳುವುದು ಒಂದೇ, ನಿನಗೇನು ಸಿಕ್ಕಿತು ಅಂತ. ದೀಪಾವಳಿಗೆ ಹೊಲಿಸಿದ ಅಂಗಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

“ಈ ಸಲ ಒಂದು ರೂಲ್ ಮಾಡ್ಕೊಳ್ಳೋಣ ಕಣ್ರೀ. ಒಂದು ಮಗೂಗೆ ಹತ್ತು ಪೌಂಡು, ಅದರ ಮೇಲೆ ಒಂದು ಪೆನ್ನಿಯೂ ಬೇಡ. ಈಗಿಂದ್ಲೇ ಪ್ಲಾನ್ ಮಾಡಿದ್ರೆ ಒಳ್ಳೇದೇ ಸಿಗುತ್ತೆ. ಏನಂತೀರಿ?”

ಕೇಳಿದ್ದು ಎಲ್ಲರನ್ನೂ. ನೋಡಿದ್ದು ಮಾತ್ರ ನನ್ನನ್ನು.

“ಹ್ಞೂಂ, ಒಳ್ಳೇದಾಯ್ತು” ಅಂದೆ. ಅವರ ಮನೆಯಲ್ಲಿ ನನಗೇ ಗೊತ್ತಿಲ್ಲದೆ ನನ್ನ ಉತ್ತರ ಕರ್ನಾಟಕದ ಮಾತು ಮೈಸೂರಿನ ಕಡೆಗೆ ವಾಲುತ್ತದೆ. ನಕ್ಕೆ ಕೂಡ.

ನಾನು ಪಾರ್ಕ್ ರಾಯಲ್‌ನ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಡಬ್ಬಿಗೆ ತುಂಬಿದ ಅನ್ನ, ಪಲ್ಯಗಳ ಮೇಲಿನ ಲೇಬಲ್ಲು, ತಾರೀಖು ಸರಿಯಿದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಆ ತಿಂಗಳಷ್ಟೇ ನನ್ನ ಶಿಫ್ಟುಗಳನ್ನು ವಾರಕ್ಕೆ ಮೂರಕ್ಕೆ ಇಳಿಸಿದ್ದರು. ಉಡುಗೊರೆಗೆಂದು ಬೇಸಿಗೆಯಿಂದ ವಾರವಾರ ಬ್ಯಾಂಕಿನ ಆಪ್‌ನಲ್ಲಿ ಬೇರೆಯಾಗಿ ತೆಗೆದಿಡುತ್ತಿದ್ದ ದುಡ್ಡಿನಲ್ಲೇ ಗ್ಯಾಸಿನ ಬಿಲ್ಲು ಕಟ್ಟಿದ್ದೆ. ಈ ಸಂಗತಿ ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ.

ಕಾರಿನಲ್ಲಿ ಕೂತ ಕೂಡಲೇ ಕೇಳಿದೆ. “ನೀವು ಅವರ ಮುಂದ ಏನರ ಹೇಳೀರೇನ್ರಿ?”

“ಯಾರ ಮುಂದ? ಏನು?”

“ನನ್ನ ಶಿಫ್ಟಿಂದು. ಇಲ್ಲಂದ್ರ ಆಕಿ ನನ್ನ ಮಾರಿನೇ ಯಾಕ ನೋಡಿದ್ಲು?”

“ಎದುರಿಗೆ ಕುಂತಿದ್ದಿ, ನೋಡಿದ್ಲು” ಅಂದರು. ಹಿಂದೆ ಕೂತಿದ್ದ ಮಗ, “ಅಮ್ಮಾ, ಟೆನ್ ಪೌಂಡ್ಸ್ ಈಸ್ ಫೈನ್” ಎಂದ. ಅವನಿಗೂ ಗೊತ್ತಾಗಿದೆಯಲ್ಲ ಅಂತ ಇನ್ನೂ ಸಿಟ್ಟು ಬಂತು.

ಅಲ್ಲಿಂದ ಮುಂದೆ ಆ ಮೈಸೂರಿನ ಗೆಳತಿ ಏನು ಮಾಡಿದರೂ ನನಗೆ ಅದರಲ್ಲಿ ಅರ್ಥ ಕಾಣತೊಡಗಿತು. ಅಕ್ಟೋಬರಿನಲ್ಲಿ ತಮ್ಮ ಮಗನಿಗೆ ಗಿಡ್ಡವಾಯಿತೆಂದು ಒಂದು ಕೋಟು ತಂದುಕೊಟ್ಟರು. ಹೊಸದರಂತೆಯೇ ಇತ್ತು. ಮೊದಲೂ ಹೀಗೆ ಕೊಟ್ಟಿದ್ದರು, ಆಗೆಲ್ಲ ಸಂತೋಷದಿಂದ ತೆಗೆದುಕೊಂಡಿದ್ದೆ. ಈ ಸಲ ಮಗನಿಗೆ ಹಾಕಗೊಡದೆ ಕಪಾಟಿನಲ್ಲಿಟ್ಟೆ. ದಸರಾದ ಊಟದ ನಂತರ ದೊಡ್ಡ ಡಬ್ಬಿಯಲ್ಲಿ ಬಿಸಿಬೇಳೆಭಾತು ಕಟ್ಟಿಕೊಟ್ಟಾಗ, ಉಳಿದವರ ಡಬ್ಬಿಗಳು ಎಷ್ಟು ದೊಡ್ಡವು ಎಂದು ಬಾಗಿಲಲ್ಲಿ ನಿಂತು ನೋಡಿದೆ. ನನ್ನದೇ ದೊಡ್ಡದು ಅನಿಸಿತು. ಗಂಡ ಫೋನಿನಲ್ಲಿ ಡಾಕ್ಟರ ಜೊತೆ ನಗುತ್ತ ಮಾತಾಡಿದರೆ ನಾನು ಅಡುಗೆಮನೆಯ ನಲ್ಲಿ ನಿಲ್ಲಿಸಿ ಕಿವಿಗೊಡುತ್ತಿದ್ದೆ.

“ಮತ್ತ ಏನು ಕೇಳಿದಿ?” ಅಂತ ಒಮ್ಮೆ ಅವರು ಬಾಗಿಲಿಗೆ ಬಂದು ಕೇಳಿದರು. “ಕಾರಿನ ಇನ್ಶುರೆನ್ಸ್ ಮಾತಾಡೀವಿ. ಅದನ್ನೂ ಬರಕೋ.”

ನವೆಂಬರ್ ಬರುವ ಹೊತ್ತಿಗೆ ನಿಶ್ಚಯಿಸಿಬಿಟ್ಟಿದ್ದೆ. ಹತ್ತು ಪೌಂಡಿನ ಕರುಣೆ ನನಗೆ ಬೇಡ. ಗೆಳತಿಯ ಮಗಳಿಗೆ ಚಿತ್ರ ಬರೆಯುವ ಹುಚ್ಚು. ಪೇಟೆಯ ಅಂಗಡಿಯಲ್ಲಿ ಮರದ ಪೆಟ್ಟಿಗೆಯೊಳಗೆ ಸಾಲಾಗಿ ಜೋಡಿಸಿಟ್ಟ ಬಣ್ಣಗಳು, ಕುಂಚಗಳು, ಮಡಚುವ ಪುಟ್ಟ ಸ್ಟ್ಯಾಂಡು ಇದ್ದ ಸೆಟ್ಟು ಕಂಡಿತು. ನಲವತ್ತು ಪೌಂಡು. ಕೌಂಟರಿನಲ್ಲಿ ಕಾರ್ಡು ಒತ್ತುವಾಗ ಕೈ ಒಂದು ಗಳಿಗೆ ಹಿಂದೆ ಬಂತು. ಆದರೂ ಒತ್ತಿದೆ. ಮನೆಗೆ ಬಂದು ಬೆಲೆಯ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಉಜ್ಜಿ ತೆಗೆದೆ. ಯಾರಾದರೂ ಕೇಳಿದರೆ ಸೇಲ್‌ನಲ್ಲಿ ಸಿಕ್ಕಿತು ಅನ್ನುವುದು. ಉಳಿದ ಮಕ್ಕಳಿಗೆ ಕರಾರಿನ ಪ್ರಕಾರವೇ ತಂದೆ. ಗಂಡನಿಗೆ ಪೊಟ್ಟಣ ಮಾತ್ರ ತೋರಿಸಿದೆ, ಒಳಗೇನಿದೆ ಹೇಳಲಿಲ್ಲ.

ಕ್ರಿಸ್ಮಸ್ಸಿನ ಮರುದಿನ ಮಕ್ಕಳೆಲ್ಲ ನೆಲದ ಮೇಲೆ ಕೂತು ಕಾಗದ ಹರಿದರು. ಕಥೆಪುಸ್ತಕ, ಚೆಂಡು, ತುಂಡು ಜೋಡಿಸಿ ಚಿತ್ರ ಮಾಡುವ ಆಟ, ಉಣ್ಣೆಯ ಟೊಪ್ಪಿಗೆ. ಒಂದೂ ಹತ್ತು ದಾಟುವಂತಿರಲಿಲ್ಲ. ಡಾಕ್ಟರ ಮನೆಯವರು ನನ್ನ ಮಗನಿಗೆ ಕೊಟ್ಟದ್ದು ಒಂದು ಟಾರ್ಚು. ಅವನು ಆಗಲೇ ಸೋಫಾದ ಕೆಳಗೆ ತೂರಿ ಬೆಳಕು ಬಿಡುತ್ತಿದ್ದ. ಕೊನೆಗೆ ಅವರ ಮಗಳು ನನ್ನ ಪೊಟ್ಟಣ ಬಿಚ್ಚಿದಳು. ಮರದ ಪೆಟ್ಟಿಗೆ ತೆರೆದಾಗ ಉಳಿದ ಮಕ್ಕಳು ತಮ್ಮ ಆಟ ಬಿಟ್ಟು ಸುತ್ತ ನೆರೆದರು. ಇನ್ನೊಂದು ಮನೆಯ ಹುಡುಗಿ ತನ್ನ ಟೊಪ್ಪಿಗೆಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು. ನನ್ನ ಗಂಡ ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು, ಎದ್ದು ಹೊರಗೆ ಹೋದರು.

ಗೆಳತಿ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಯಾಕ್ರೀ ಹೀಗೆ ಮಾಡಿದ್ರಿ? ನಾವು ಮಾತಾಡ್ಕೊಂಡಿದ್ವಲ್ಲ.”

“ಸೇಲ್‌ನಲ್ಲಿ ಸಿಕ್ತು.”

“ಅದನ್ನ ನಾನೂ ಅಂಗಡೀಲಿ ನೋಡಿದೀನಿ, ಮಗಳು ತೋರ್ಸಿದ್ಲು. ಸೇಲ್ ಇರ್ಲಿಲ್ಲ.”

ಆಗ ನನಗೆ ತಡೆಯಲಾಗಲಿಲ್ಲ. “ಮೊದ್ಲು ನೀವು ಹೇಳ್ರಿ. ನನ್ನ ಶಿಫ್ಟ್ ಕಡಿಮಿ ಆಗ್ಯಾವಂತ ನಿಮಗ ಯಾರು ಹೇಳಿದ್ರು?”

“ನಿಮ್ಮ ಶಿಫ್ಟ್ ಕಮ್ಮಿ ಆಯ್ತಾ? ಯಾವಾಗ?”

ನಾಲ್ಕು ತಿಂಗಳು ಮುಚ್ಚಿಟ್ಟದ್ದನ್ನು ನಾನೇ ಬಿಚ್ಚಿಟ್ಟಿದ್ದೆ.

“ಮತ್ತ ಆ ರೂಲು?” ಅಂತ ಕೇಳಿದೆ.

ಅವರು ಹೇಳಲೋ ಬೇಡವೋ ಅಂತ ಒಣಗಿದ ತಟ್ಟೆಯನ್ನೇ ಮತ್ತೆ ಬಟ್ಟೆಯಿಂದ ಒರೆಸಿದರು. “ಯುಗಾದಿ ದಿವ್ಸ ನೀವು ಮೇಲಿನ ರೂಮಲ್ಲಿ ಕೋಟು ತಗೋತಾ ಒಬ್ರ ಹತ್ರ ಅಂದ್ರಿ, ಕ್ರಿಸ್ಮಸ್ಸಿಗೆ ಇವ್ರ ಮನೆಗೆ ಮಗನ್ನ ಕರ್ಕೊಂಡು ಬರ್ಬೇಕಂದ್ರೆ ಬ್ಯಾಂಕ್ ಲೋನ್ ತಗೋಬೇಕು ಅಂತ. ನಾನು ಕುಂಕುಮದ ಬಟ್ಟಲು ತಗೊಂಡು ಮೆಟ್ಟಲ ಮೇಲಿದ್ದೆ. ಹೌದಲ್ಲ, ನಾವು ಜಾಸ್ತಿ ಮಾಡ್ತಿದೀವಿ ಅನ್ಸ್ತು. ನಿಮಗೆ ನೆನಪಾಗುತ್ತೇನೋ ಅಂತ ನಿಮ್ಮ ಮುಖ ನೋಡ್ದೆ.”

ನನಗೆ ನೆನಪೇ ಇರಲಿಲ್ಲ. ನಗೆಚಾಟಿಕೆಗೆ ಅಂದಿದ್ದಿರಬೇಕು. ಆಮೇಲೆ ಅವರು ಶಿಫ್ಟಿನ ವಿಷಯ ಬಿಡದೆ ಕೇಳಿದರು, ನಾನು ಹೇಳಿದೆ. ಪಾಪ ಅನ್ನಲಿಲ್ಲ. ಅದೊಂದೇ ನನಗೆ ಸಮಾಧಾನ.

ಮನೆಗೆ ಹೋಗುವಾಗ ಗಂಡನಿಗೆ ಎಲ್ಲ ಹೇಳಿದೆ. ಸಿಗ್ನಲ್ ಹಸಿರಾದರೂ ಅವರು ಗಾಡಿ ಬಿಡಲಿಲ್ಲ, ಹಿಂದಿನವನು ಹಾರ್ನ್ ಹೊಡೆದ.

“ಗಣೇಶನ ಹಬ್ಬದಿಂದ ನನ್ನ ಜೀವಾ ತಿಂದಿ” ಅಂದರು. ಎರಡು ದಿನ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಚಹಾ ಕೇಳಿದರು.

ಬಣ್ಣದ ಪೆಟ್ಟಿಗೆಯನ್ನು ವಾಪಸು ಮಾಡುವಂತಿರಲಿಲ್ಲ. ಆ ಹುಡುಗಿ ಅಂದೇ ಅರ್ಧ ಟ್ಯೂಬು ಹಿಂಡಿದ್ದಳು. ಜನವರಿಯ ಸೇಲ್‌ಗೆ ಗೆಳತಿಯೇ ಫೋನು ಮಾಡಿ ಕರೆದರು. ಇಬ್ಬರೂ ಕೂಡಿ ಮುಂದಿನ ಡಿಸೆಂಬರಿಗೆ ಬೇಕಾದ್ದನ್ನು ಅರ್ಧ ಬೆಲೆಗೆ ಆರಿಸಿದೆವು. ಅವರ ಅಟ್ಟದಲ್ಲಿ ಜಾಗವಿದೆ, ಎಲ್ಲ ಅಲ್ಲೇ ಇಟ್ಟಿದ್ದೇವೆ. ಅಂಗಡಿಯಲ್ಲಿ ಅವರು ಒಂದು ವಿಮಾನದ ಮಾಡೆಲ್ಲನ್ನು ಎತ್ತಿ ತೋರಿಸಿ, “ನಿಮ್ಮವನಿಗೆ ಇದು, ಎಂಟೇ ಪೌಂಡು” ಅಂದರು. ಚೆನ್ನಾಗಿದೆ ಅಂದೆ. ಅವರು ಬಿಲ್ಲಿನ ಸಾಲಿನಲ್ಲಿ ನಿಂತಾಗ ನಾನು ಫೋನು ತೆಗೆದು ಅದರ ನಿಜವಾದ ಬೆಲೆ ಹುಡುಕಿದೆ.